ಅಧ್ಯಕ್ಷರಿಗೆ ಹಾಕಿದ ಹಾರ

ಆಫ್ರಿಕಾದ ಸರ್ವಾಧಿಕಾರಿಗೂ ನನಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಏನು ಮಾಡಲಿ, ಇಂಥ ಉಪದ್ವ್ಯಾಪಗಳೆಲ್ಲ ನನ್ನ ವಿಳಾಸ ಹುಡುಕಿಕೊಂಡೇ ಬರುತ್ತವೆ. ಎರಡು ಸಾವಿರದ ದಶಕದಲ್ಲಿ ಸಿಡ್ನಿಯ ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಆಫ್ರಿಕಾದ ಗೆಳೆಯನೊಬ್ಬ ನನ್ನ ಪಕ್ಕದ ಕುರ್ಚಿಗೆ ಬಂದ. ಅವನ ದೇಶದಲ್ಲಿ ಸ್ವಾತಂತ್ರ್ಯ ಬಂದಾಗ ಕುರ್ಚಿ ಹಿಡಿದ ಅಧ್ಯಕ್ಷ ಇನ್ನೂ ಎದ್ದಿರಲಿಲ್ಲ.

೧. ಎಲ್ಲ ಆಸ್ಪತ್ರೆಗೂ ಒಬ್ಬಳೇ ರೋಗಿ

ಆಸ್ಪತ್ರೆ ಕಟ್ಟಿಸಲೆಂದು ವಿದೇಶಿ ಬ್ಯಾಂಕಿನಿಂದ ಸಾಲ ತಂದ ಅಧ್ಯಕ್ಷ ಅರಮನೆ ಕಟ್ಟಿಸಿಕೊಂಡ. ಬ್ಯಾಂಕಿನವರು ನೋಡಲು ಬಂದಾಗ ಖಾಲಿ ಗೋದಾಮುಗಳಿಗೆ ಬೋರ್ಡು ಹಾಕಿ, ಗಟ್ಟಿಮುಟ್ಟಾದ ಜನರನ್ನು ಮಂಚದ ಮೇಲೆ ಮಲಗಿಸಿದರಂತೆ. ಜನ ಸಾಲದೆ, ಒಂದು ಕಡೆ ಮಲಗಿದ್ದ ಗೆಳೆಯನ ಅಮ್ಮನನ್ನೇ ಹಿಂಬಾಗಿಲಿಂದ ಲಾರಿ ಹತ್ತಿಸಿ, ಮುಂದಿನ ಆಸ್ಪತ್ರೆಯಲ್ಲೂ ಮಲಗಿಸಿದರು.

"ಬ್ಯಾಂಕಿನವರಿಗೆ ಗೊತ್ತಾಗ್ಲಿಲ್ವಾ?" ಅಂತ ಗೆಳೆಯನನ್ನು ಕೇಳಿದೆ.

"ಒಬ್ಬ ಸಾಹೇಬ ಅಮ್ಮನ ಮುಖಾನೇ ನೋಡ್ತಾ ನಿಂತನಂತೆ. ಆಮೇಲೆ, 'ಈ ದೇಶದವರೆಲ್ಲ ನೋಡೋಕೆ ಒಂದೇ ಥರ' ಅಂದು ಇನ್ನೊಂದು ಸಾಲ ಕೊಟ್ಟ."

೨. ತಪ್ಪು ಉತ್ತರ

ಗೆಳೆಯ ಕೆಲಸ ಬದಲಿಸಿ ಮೆಲ್ಬರ್ನ್‌ಗೆ ಹೋದ. ಮನೆ ಕೊಂಡು ಅಮ್ಮನನ್ನು ಕರೆಸಿಕೊಳ್ಳಬೇಕು, ಅದೊಂದೇ ಜಪ. ಮೊದಲು ಹೋದ ಬ್ಯಾಂಕು ಮನೆಸಾಲ ಕೊಡಲಿಲ್ಲ.

"ಸಾಲ ತೀರಿಸೋರು ಯಾರು ಅಂತ ಕೇಳಿದ್ರು. ನಾನೇ ಅಂದೆ," ಅಂತ ಫೋನಿನಲ್ಲಿ ಗೊಣಗಿದ. "ಅಲ್ಲೇ ಕೆಟ್ಟದ್ದು. ನಮ್ಮ ಅಧ್ಯಕ್ಷ ಯಾವತ್ತೂ ಆ ಮಾತು ಆಡಿಲ್ಲ, ನೋಡು!"

೩. ಹಾರ

ಕೊನೆಗೂ ಮನೆಯಾಯಿತು. ಆದರೆ ಅಮ್ಮ ದೇಶ ಬಿಡಲು ಅಧ್ಯಕ್ಷರ ಪಕ್ಷದ ಸ್ಥಳೀಯ ಮುಖಂಡನ ಅನುಮತಿ ಬೇಕು. ಮಗನ ಮನೆಯ ಗೋಡೆಯಲ್ಲಿ ಅಧ್ಯಕ್ಷರ ಪಟ ತೂಗುತ್ತಿರುವುದನ್ನು ಫೋಟೊ ತೆಗೆದು ಕಳಿಸಬೇಕಂತೆ. ಗೆಳೆಯ ಹಲ್ಲು ಕಚ್ಚಿಕೊಂಡು ಹಾಲ್‌ನಲ್ಲಿ ಪಟ ತೂಗುಹಾಕಿದ.

ಆ ವಾರ ನಾನೂ, ಊರಿಂದ ಬಂದಿದ್ದ ನನ್ನ ಅಮ್ಮನೂ ಅವನ ಮನೆಯಲ್ಲಿದ್ದೆವು. ಅಮ್ಮ ಬೆಳಿಗ್ಗೆ ಎದ್ದವಳೇ ಪಟ ನೋಡಿ, ಗೆಳೆಯನ ತೀರಿಹೋದ ತಂದೆ ಇರಬೇಕು ಅಂದುಕೊಂಡಳು. ಪಾಪ, ಹುಡುಗ ಒಂದು ಹೂವೂ ಇಟ್ಟಿಲ್ಲವಲ್ಲ ಎಂದು ಹಿತ್ತಲ ಹೂ ಕೊಯ್ದು, ಹಾರ ಕಟ್ಟಿ ಹಾಕಿ, ಕುಂಕುಮವಿಟ್ಟು, ಊದುಬತ್ತಿ ಹಚ್ಚಿ ಕೈಮುಗಿದಳು. ಗೆಳೆಯನಿಗೆ ಬಲು ಖುಷಿ. ನಾನು ಏಳುವಷ್ಟರಲ್ಲಿ ಫೋಟೊ ತೆಗೆದು ಈಮೇಲ್ ಮಾಡಿಬಿಟ್ಟಿದ್ದ.

ಕಾಫಿ ಕುಡಿಯುವಾಗ ಕೇಳಿದ, "ನೀವು ಯಾರ ಫೋಟೊಗೆ ಹೀಗೆ ಹಾರ ಹಾಕೋದು?"

"ಸತ್ತವರ ಫೋಟೊಗೆ," ಅಂದೆ.

ಅವನು ಕಾಫಿ ಲೋಟ ಕೆಳಗಿಟ್ಟ. "ನಮ್ಮಮ್ಮನ್ನ ಜೈಲಿಗೆ ಹಾಕ್ತಾರೆ ಕಣೋ!"

"ಅಯ್ಯೋ, ನಂಗ್ಯಾಕೆ ಬೇಕಿತ್ತು ಈ ಉಸಾಬರಿ!" ಎಂದು ನನ್ನ ಅಮ್ಮ ಅತ್ತೇಬಿಟ್ಟಳು.

ಕೆಲವು ದಿನಗಳ ಮೇಲೆ ಉತ್ತರ ಬಂತು. ಅಧ್ಯಕ್ಷರ ಮೇಲೆ ಇಂಥ ಭಕ್ತಿ ಮಂತ್ರಿಗಳ ಮನೆಯಲ್ಲೂ ಕಂಡಿಲ್ಲ, ಇಂಥ ಮಗನ ತಾಯಿ ಧಾರಾಳವಾಗಿ ಹೋಗಿಬರಲಿ ಅಂತ ಮುಖಂಡ ಬರೆದಿದ್ದ.

ಗೆಳೆಯನ ಅಮ್ಮ ಬಂದ ದಿನ ನಾವೂ ಮೆಲ್ಬರ್ನ್‌ಗೆ ಹೋದೆವು. ಮಗನನ್ನು ಅಪ್ಪಿಕೊಂಡು ಅತ್ತ ಮುದುಕಿ ಕಣ್ಣೊರೆಸಿಕೊಂಡು, ಪಟದ ಮೇಲೆ ಒಣಗಿದ ಹಾರ ಯಾಕೆ ಅಂತ ವಿಚಾರಿಸಿದಳು. ಮಗ ಹೆದರುತ್ತಲೇ ಅರ್ಥ ಹೇಳಿದ.

ಆಕೆ ಪಟವನ್ನೇ ದಿಟ್ಟಿಸಿದಳು. ನೇರ ಹಿತ್ತಲಿಗೆ ಹೋಗಿ, ಮಡಿಲ ತುಂಬ ಹೂ ಕಿತ್ತುಕೊಂಡು ಬಂದು ನನ್ನ ಅಮ್ಮನ ಪಕ್ಕ ಕೂತಳು. ಆಕೆ ಹೇಳಿದ್ದನ್ನು ಗೆಳೆಯ ನಮಗೆ ತಿಳಿಸಿದ:

"ಹಾರ ತುಂಬಾ ಚಿಕ್ಕದಾಯ್ತಂತೆ ಆಂಟಿ. ದೊಡ್ಡದು ಕಟ್ಟೋದು ಹೇಗೆ ಅಂತ ಕಲಿಸ್ಬೇಕಂತೆ."