ನಾಲ್ಕನೇ ಜ್ವರ

ಬಸವಲಿಂಗಯ್ಯ ಮೇಷ್ಟ್ರ ಗ್ರಹಚಾರ ಕೆಟ್ಟದ್ದು ಒಂದೇ ಒಂದು ಮಾತಿನಿಂದ. ಬೆಳಿಗ್ಗೆ ಸ್ಕೂಲಿನ ಬಾಗಿಲು ತೆಗೆಯುತ್ತಿದ್ದಾಗ ಊರ ತಳವಾರ ಬಂದು ಆ ಮಾತು ಒಗೆದು ಹೋದ: "ಇವತ್ತು ಹುಡುಗ್ರು ಬರಾಕಿಲ್ಲ ಮೇಷ್ಟ್ರೇ. ಮನೆಮನೇಲೂ ಜ್ವರ."

ಬೇರೆ ದಿನವಾಗಿದ್ದರೆ ಮೇಷ್ಟ್ರು ಸುಮ್ಮನಿರುತ್ತಿದ್ದರೇನೋ. ಅಂದು ಮಧ್ಯಾಹ್ನ ಕ್ಲೋಸ್‌ಪೇಟೆಯಿಂದ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ಹೊಸದಾಗಿ ಸಿಕ್ಕಿದ್ದ ಮೇಲ್ತರಗತಿಯಲ್ಲಿ ಬೆಂಚು ತುಂಬ ಮಕ್ಕಳು ಕಾಣದಿದ್ದರೆ ಆ ತರಗತಿಯನ್ನೇ ಎತ್ತಿ ಚನ್ನಪಟ್ಟಣಕ್ಕೆ ಹಾಕುತ್ತಾರಂತೆ. ಅಲ್ಲಿಗೆ ಹೋಗಿ ಓದುವ ಅನುಕೂಲ ಈ ಮಕ್ಕಳಲ್ಲಿ ಒಬ್ಬರಿಗೂ ಇಲ್ಲ. ಪರೀಕ್ಷೆ ಹತ್ತಿರವಿದೆ, ಪಾಸಾದರೆ ರೈಲ್ವೆಯಲ್ಲೋ ಕಚೇರಿಯಲ್ಲೋ ಕೆಲಸ. ಬಡತನದಲ್ಲೇ ಓದಿ ಬಂದ ಮೇಷ್ಟ್ರಿಗೆ ಅದರ ಬೆಲೆ ಗೊತ್ತಿತ್ತು.

ಕ್ವಿನೈನ್ ಸೀಸೆ ಹಿಡಿದು ಮೊದಲು ಕೆಂಚಯ್ಯನ ಮನೆಗೆ ಓಡಿದರು. ಅವನ ಮಗ ಅಂಕಯ್ಯ ತರಗತಿಗೇ ಜಾಣ. ಬಾಗಿಲಲ್ಲಿ ಕೆಂಚಯ್ಯನ ಹೆಂಡತಿ ಶಿವಲಿಂಗಮ್ಮ ಸಿಕ್ಕಳು.

"ಈಗ ಹೇಗಿದ್ದಾವಮ್ಮ?"

"ಮೂರು ಜ್ವರ ಕಳ್ದು, ನಾಲ್ಕನೇದು ಈಗ ಎದ್ದವೆ, ಬುದ್ಧಿ."

ಹೊಟ್ಟೆಗೆ ಏನಾದರೂ ಸೇರುತ್ತದೆಯೇ ಎಂದು ಮೇಷ್ಟ್ರು ಕೇಳಿದರು. ಹಗಲೂ ರಾತ್ರಿ ತಿಂದರೂ ಸಾಲದು ಎಂದಳು. ಏನು ಕೊಡುತ್ತೀರಿ ಎಂದರೆ, ಬರೀ ಸೊಪ್ಪು ಎಂದಳು. ಬರೀ ಸೊಪ್ಪು ತಿಂದು ನಾಲ್ಕು ಜ್ವರ ಕಂಡ ಮಕ್ಕಳನ್ನು ನೆನೆದು ಮೇಷ್ಟ್ರ ಕಣ್ಣು ಒದ್ದೆಯಾಯಿತು. ಸೀಸೆಯ ಬಿರಡೆ ಕಿತ್ತು ಒಳಗೆ ನುಗ್ಗಿದರು.

ಒಳಗೆ ಬಿದಿರಿನ ತಟ್ಟೆಗಳ ತುಂಬ ರೇಷ್ಮೆ ಹುಳ.

ಮೇಷ್ಟ್ರು ತುಮಕೂರಿನ ಆಚೆಯವರು. ಊರಿಗೆ ಬಂದು ತಿಂಗಳೂ ತುಂಬಿರಲಿಲ್ಲ, ರೇಷ್ಮೆಯನ್ನು ಸೀರೆಯಾಗಿ ಮಾತ್ರ ನೋಡಿದ್ದವರು. ಹುಳ ಪೊರೆ ಬಿಡಲು ಮಲಗುವುದಕ್ಕೆ ಈ ಸೀಮೆಯಲ್ಲಿ ಜ್ವರ ಎನ್ನುತ್ತಾರೆ, ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕಿ ಪೂರೈಸಲಾಗದೆ ಮನೆಮಂದಿಯೆಲ್ಲ ದುಡಿಯುತ್ತಾರೆ ಎಂಬುದು ತಿಳಿಯುವಷ್ಟರಲ್ಲಿ ಕೇರಿಯವರೆಲ್ಲ ನೆರೆದು, ಹುಳಕ್ಕೆ ಔಷಧಿ ತಂದ ಮೇಷ್ಟ್ರನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಸೊಪ್ಪಿನ ಹೊರೆ ಹೊತ್ತು ಬಂದ ಕೆಂಚಯ್ಯನಿಗೆ ಮೇಷ್ಟ್ರು ಮಾನ ಬಿಟ್ಟು ಕೈಮುಗಿದರು. "ಕೆಂಚಯ್ಯ, ಒಂದು ಹೊತ್ತು ಹುಡುಗನನ್ನು ಕಳಿಸು. ಪಾಸಾದರೆ ಅವನಿಗೊಂದು ಉದ್ಯೋಗ ಆಗುತ್ತೆ."

"ಕಳಿಸ್ಬೈದು ಬುದ್ಧಿ. ಸೊಪ್ಪು ಹಾಕೋರು ಯಾರು?"

"ನಾನು ಹಾಕ್ತೀನಿ."

ಈ ಮಾತು ಮೇಷ್ಟ್ರಿಗಿಂತ ಮುಂಚೆ ಬೀದಿ ಸುತ್ತಿತು. ಪಕ್ಕದ ಮನೆಯ ರಸೂಲ್ ಸಾಬಿ ತನ್ನ ಮಗನನ್ನು ಸ್ಕೂಲಿಗೆ ಕಳಿಸಿ, ಮೇಷ್ಟ್ರ ಕೈಗೆ ಕುಡುಗೋಲು ಕೊಟ್ಟ. ಮಿಕ್ಕ ಮನೆಯವರೂ ಅದನ್ನೇ ಮಾಡಿದರು. ಸಾಹೇಬರ ಹತ್ತಿರ ಸುಳ್ಳು ಹೇಳಬೇಡಿ, ಅವರು ಬಂದ ಕೂಡಲೇ ನನಗೆ ಹೇಳಿ ಕಳಿಸಿ ಎಂದು ಮಕ್ಕಳಿಗೆ ಬುದ್ಧಿ ಹೇಳಿ, ಪಂಚೆ ಎತ್ತಿ ಕಟ್ಟಿ ಮೇಷ್ಟ್ರು ತೋಟಕ್ಕಿಳಿದರು. ಸೊಪ್ಪು ಕೊಯ್ದು, ಹೊತ್ತು, ಹೆಚ್ಚಿ ಕಡೆಯ ಮನೆಗೆ ಹಾಕುವಷ್ಟರಲ್ಲಿ ಮೊದಲ ಮನೆಯ ತಟ್ಟೆ ಖಾಲಿಯಾಗಿರುತ್ತಿತ್ತು. ಹೀಗೆ ಊರು ಸುತ್ತುವ ಮೇಷ್ಟ್ರನ್ನು, ಸಾಹೇಬರು ಬಂದರೆಂದು ಹೇಳಲು, ಹುಡುಗರು ಹುಡುಕುವುದಾದರೂ ಎಲ್ಲಿ?

ಜಟಕಾದ ಗೆಜ್ಜೆ ಸದ್ದು ಕೇಳಿ ಮೇಷ್ಟ್ರು ತಲೆಯ ಮೇಲೆ ಸೊಪ್ಪು, ಕೈಯಲ್ಲಿ ಕುಡುಗೋಲು ಸಮೇತ ಓಡಿದರು. ಗಾಡಿ ಆಗಲೇ ವಾಪಸು ಹೊರಟಿತ್ತು. ಒಳಗೆ ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು.

"ಅಲ್ಲೇ ನಿಲ್ಲಿ ಮೇಷ್ಟ್ರೇ. ಮಕ್ಕಳು ಬೆಂಚು ತುಂಬ ಇದ್ದಾರೆ, ಉತ್ತರವೂ ಚೆನ್ನಾಗಿ ಕೊಟ್ಟರು. ಆದರೆ ಜ್ವರ ಬಿದ್ದ ಊರಲ್ಲಿ ಸ್ಕೂಲು ನಡೆಸುವ ಹಾಗಿಲ್ಲ. ಇವತ್ತಿಂದ ಮುಚ್ಚಿದೆ. ತರಗತಿ ಚನ್ನಪಟ್ಟಣಕ್ಕೆ."

ಜ್ವರವೆಂದರೆ ಪ್ಲೇಗೇ ಎಂದು ಊರಿಗೆ ಊರೇ ಖಾಲಿಯಾಗುತ್ತಿದ್ದ ಕಾಲ ಅದು. ಮೇಷ್ಟ್ರು ಗಾಡಿಯ ಹಿಂದೆಯೇ ಓಡುತ್ತ ಕೂಗಿದರು: "ಸ್ವಾಮಿ, ಅದು ಹುಳದ ಜ್ವರ."

"ಹುಳ ಬೇರೆ ಬಿದ್ದಿದೆಯೇ?" ಎಂದ ಸಾಹೇಬರು ಗಾಡಿಯವನ ಬೆನ್ನಿಗೆ ತಿವಿದರು. ಕುದುರೆ ಧೂಳೆಬ್ಬಿಸಿಕೊಂಡು ಹೋಯಿತು.

ಅಂಕಯ್ಯ ಓಡಿ ಬಂದು ವರದಿ ಒಪ್ಪಿಸಿದ. "ಮೇಷ್ಟ್ರು ಎಲ್ಲಿ ಅಂದ್ರು. ಜ್ವರ ಸಾರ್ ಅಂದ್ವಿ. ನಿಮ್ಮ ಮನೇಲೂ ಐತಾ ಅಂದ್ರು. ಎಲ್ಲಾರ ಮನೇಲೂ ನಾಲ್ಕನೇದು ಸಾರ್ ಅಂದ್ವಿ. ಒಂದು ಸುಳ್ಳೂ ಹೇಳ್ಲಿಲ್ಲ ಸಾ."

ಮೇಷ್ಟ್ರು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಸಿದರು. ಅಳು ಬಂತು, ಅತ್ತರು. ಕೆಂಚಯ್ಯ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಕೆಳಗೆ ಬಿದ್ದಿದ್ದ ಕುಡುಗೋಲು ಒರೆಸಿ ಅವರ ಕೈಗಿಟ್ಟ.

"ಯೋಚ್ನೆ ಬುಡಿ ಬುದ್ಧಿ. ಹುಡುಗ್ರಿಗೆ ಆಗ್ದಿದ್ರೂ ನಿಮ್ಗೊಂದು ಉದ್ಯೋಗ ಆಯ್ತಲ್ಲ."