ಕಮಲಾಪುರ ಎರಡನೇ ವಲಯ

ಗುಲಬರ್ಗಾದ ಕೋಟೆ ಹತ್ತಿರ ನಮ್ಮ ಸೋದರಮಾವನ ಮನೆ. ಅಲ್ಲಿಗೆ ಹೋದರೆ ನೀವು ಕಂಡಕಂಡಲ್ಲಿ ಕೂಡುವಂತಿರಲಿಲ್ಲ. "ಅಲ್ಲಿ ಬ್ಯಾಡ್ರೀ, ಅದು ಐದನೇ ವಲಯ. ನಿಮ್ಮ ಬಿ.ಪಿ.ಗೆ ಆಗಿಬರೂದಿಲ್ಲ. ಇಲ್ಲಿ ಬರ್ರಿ, ಮೂರನೇ ವಲಯ, ತಂಪದ," ಎಂದು ಮಾಮಾ ನಿಮ್ಮನ್ನು ಕುರ್ಚಿ ಸಮೇತ ಸಾಗಿಸುತ್ತಿದ್ದರು. ಆ ಮೂರನೇ ವಲಯವೆಂದರೆ ಬೇರೇನಲ್ಲ, ಬಚ್ಚಲ ನೀರು ಹರಿದು ಹೋಗುವ ಜಾಗ! ಬಂದವರು ಮೂಗು ಮುಚ್ಚಿಕೊಂಡು ಚಹಾ ಕುಡಿದು ಹೋಗುತ್ತಿದ್ದರು.

ಇದಕ್ಕೆಲ್ಲ ಮೂಲ ಮೋಮಿನಪುರದ ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ಹಳೆಯ ಇಂಗ್ಲಿಷ್ ತೋಟಗಾರಿಕೆ ಪುಸ್ತಕ. ಅದರಲ್ಲಿ ಯಾವುದೋ ದೇಶದ ಬಣ್ಣಬಣ್ಣದ ನಕ್ಷೆಯಿತ್ತು. ಯಾವ ವಲಯದಲ್ಲಿ ಎಷ್ಟು ಚಳಿ, ಅಲ್ಲಿ ಯಾವ ಗಿಡ ಉಳಿಯುತ್ತದೆ, ಯಾವ ತಿಂಗಳು ನೆಡಬೇಕು, ಎಲ್ಲ ಅದರಲ್ಲಿತ್ತು. ಗುಲಬರ್ಗಾದವರಿಗೆ ಚಳಿಯ ನಕ್ಷೆ ಏತಕ್ಕೆ? ನಾನು ಕೇಳಿಯೂ ಕೇಳಿದೆ.

"ಅಲ್ಲಿ ಚಳಿ ಕೊಲ್ತದ, ಇಲ್ಲಿ ಬಿಸಲು ಕೊಲ್ತದ. ನಕ್ಷಿ ತಿರುವಿ ಹಿಡದ್ರ ಆತು," ಎಂದರು ಮಾಮಾ. ಕಚೇರಿಯಲ್ಲಿ ಗುಮಾಸ್ತರಾಗಿದ್ದವರು ಅಂದಿನಿಂದ ಮನೆಯಲ್ಲಿ ವಿಜ್ಞಾನಿಯಾದರು. ವಲಯದ ಅಂಕಿ ಏರಿದಷ್ಟೂ ಬಿಸಿಲು ಹೆಚ್ಚು ಎಂದು ತಮ್ಮದೇ ಒಂದು ನಕ್ಷೆ ಬರೆದು ಗೋಡೆಗೆ ಅಂಟಿಸಿದರು. ಬಿಸಿಲು ಅಳೆಯಲು ಮೊದಲು ತಂದದ್ದು ಜ್ವರ ನೋಡುವ ಥರ್ಮಾಮೀಟರು. ಮೇ ತಿಂಗಳ ಮಧ್ಯಾಹ್ನ ಅದನ್ನು ಫರಸಿ ಕಲ್ಲಿನ ಗೋಡೆಗೆ ಕಟ್ಟಿದ್ದೇ ತಡ, ಪಟ್ ಎಂದು ಒಡೆಯಿತು. "ಗ್ವಾಡಿಗೇ ಜ್ವರ ಬಂದದ, ಗುಳಿಗಿ ಕೊಡ್ರಿ ಅದಕ್ಕ," ಎಂದರು ಮಾಮಿ, ಅಡುಗೆಮನೆಯಿಂದಲೇ.

ಮಾಮಿಯ ಎದುರು ಮಾಮಾ ಎಂದೂ ಗೆದ್ದವರಲ್ಲ. ಆದರೆ ನಮ್ಮೆಲ್ಲರ ಮುಂದೆ ಅವರ ಹಾವಳಿಗೆ ಮಿತಿಯೇ ಇರಲಿಲ್ಲ! ನಮ್ಮಣ್ಣನಿಗೆ ಹೆಣ್ಣು ನೋಡಲು ಬೆಳಗಾವಿಗೆ ಹೋದೆವು. ಹುಡುಗಿಯ ತಂದೆ ಜಾತಕ ಬಿಚ್ಚುವಷ್ಟರಲ್ಲಿ ಮಾಮಾ, "ಅದಿರ್ಲಿ ಬಿಡ್ರಿ, ಮೇದಾಗ ನಿಮ್ಮ ಊರಾಗ ಬಿಸಲು ಎಷ್ಟು ಬೀಳ್ತದ್ರೀ?" ಎಂದು ಕೇಳಿದರು. ಹೊರಗೆ ಬಂದು ತೀರ್ಪು ಕೊಟ್ಟರು: "ಹುಡುಗಿ ಚೊಲೋ ಅದಾಳ. ಆದ್ರ ಎರಡನೇ ವಲಯದ ಸಸಿ. ಲಗ್ನ ಮಳಿಗಾಲದಾಗ ಮಾಡ್ರಿ, ಬೇರು ಹಿಡೀಲಿ." ಯಾರು ಕೇಳುತ್ತಾರೆ? ಮೇ ತಿಂಗಳಲ್ಲೇ ಮದುವೆಯಾಯಿತು. ಅತ್ತಿಗೆ ಬಾಡಲಿಲ್ಲ, ಬಾಡಿದವನು ನಮ್ಮಣ್ಣ!

ಇಷ್ಟೆಲ್ಲ ಹುಚ್ಚು ಯಾರಿಗಾಗಿ ಎಂದು ನನಗೆ ತಿಳಿದದ್ದು ತಡವಾಗಿ. ಮಾಮಿ ಧಾರವಾಡದವರು. ಅವರ ತವರಿನ ಹಿತ್ತಿಲಲ್ಲಿ ಕೆಂಡಸಂಪಿಗೆಯ ಮರವಿತ್ತಂತೆ. ಮಾಮಾ ಆ ಸಂಪಿಗೆಯನ್ನು ಗುಲಬರ್ಗಾದಲ್ಲಿ ಮೂರು ಸಲ ನೆಟ್ಟರು, ಮೂರು ಸಲವೂ ಬೇಸಿಗೆ ತಿಂದು ಹಾಕಿತು. "ಇದಕ್ಕ ಎರಡನೇ ವಲಯ ಬೇಕು," ಎಂದು ಹುಡುಕುತ್ತಿದ್ದಾಗಲೇ ನನಗೆ ಗುಲಬರ್ಗಾ ಹತ್ತಿರದ ಕಮಲಾಪುರದ ಶಾಲೆಯಲ್ಲಿ ನೌಕರಿ ಸಿಕ್ಕಿತು. ಕೆಂಪು ಮಣ್ಣು, ಬಾಳೆತೋಟಗಳ ಊರು. ಮಾಮಾ ಹಿಗ್ಗಿ ಹೀರೇಕಾಯಾದರು. ನನ್ನ ಬಾಡಿಗೆ ಮನೆಯ ಹಿತ್ತಿಲಿಗೆ ಒಂದು ಒಳ್ಳೆಯ ಥರ್ಮಾಮೀಟರು ತೂಗುಹಾಕಿ, "ದಿನಾ ಮಧ್ಯಾಹ್ನ ಎರಡಕ್ಕ ನೋಡಿ ಬರಿ, ತಂಗಿ. ಒಂದು ವರ್ಷ. ಒಂದು ದಿನಾನೂ ತಪ್ಪಿಸಬ್ಯಾಡ," ಎಂದು ವಹಿ ಕೈಗಿಟ್ಟರು.

ಮಾರ್ಚ್ ಮುಗಿಯುವವರೆಗೆ ತಪ್ಪದೆ ಬರೆದೆ, ಆಣೆ ಮಾಡಿ ಹೇಳುತ್ತೇನೆ. ಆದರೆ ಏಪ್ರಿಲ್, ಮೇ ರಜೆಯಲ್ಲಿ, ನಡುಮಧ್ಯಾಹ್ನ, ಫ್ಯಾನಿನ ಕೆಳಗಿಂದ ಎದ್ದು ಆ ಬೆಂಕಿಯಲ್ಲಿ ಹಿತ್ತಿಲಿಗೆ ಯಾರು ಹೋಗುತ್ತಾರೆ? ವಾರದ ಅಂಕಿಗಳನ್ನು ಒಮ್ಮೆಲೇ ಕೂತು ಬರೆದೆ. ಮೂವತ್ತೆಂಟು. ಮೂವತ್ತೊಂಬತ್ತು. ಮತ್ತೆ ಮೂವತ್ತೆಂಟು. ಹೇಗೂ ಸುಳ್ಳು, ಮಾಮಾಗೆ ಸಂತೋಷವಾಗುವಂಥದ್ದೇ ಇರಲಿ ಎಂದುಕೊಂಡೆ.

ಸಂತೋಷವಾಯಿತು ನೋಡಿ! "ಒಂದು ತಾಸಿನ ಬಸ್ಸಿನ ಹಾದ್ಯಾಗ ನಾಲ್ಕು ಡಿಗ್ರಿ ಫರಕ! ಕಮಲಾಪುರ ಎರಡನೇ ವಲಯ!" ಎಂದು ಮಾಮಾ ವಹಿ ಹಿಡಿದು ಕುಣಿದರು. ಮೊದಲ ಮಳೆ ಬಿದ್ದದ್ದೇ, ಎಣ್ಣೆ ಡಬ್ಬಿಯಲ್ಲಿ ಕೂಸಿನಂತೆ ಸಾಕಿದ್ದ ಸಂಪಿಗೆ ಸಸಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದರು. ಕಂಡಕ್ಟರು ಸಸಿಗೂ ಟಿಕೀಟು ಕೇಳಿದ. "ಇದಕ್ಕ ಇನ್ನೂ ಮೂರು ವರ್ಷ ತುಂಬಿಲ್ಲಪಾ, ಟಿಕೀಟ್ ಯಾಕ?" ಎಂದರಂತೆ.

ಸಸಿ ಚಳಿಗಾಲವಿಡೀ ಚೆನ್ನಾಗಿ ಬಂತು. ಮಾಮಾ ವಾರಕ್ಕೊಮ್ಮೆ ಬಂದು ಎಲೆ ಎಣಿಸಿ, ಹೋಗಿ ಮಾಮಿಗೆ ವರದಿ ಒಪ್ಪಿಸುತ್ತಿದ್ದರು. ಮಾರ್ಚ್ ದಾಟಿದಂತೆ ನನಗೆ ನನ್ನ ಸುಳ್ಳು ಅಂಕಿಗಳು ನೆನಪಾಗತೊಡಗಿದವು. ಒಂದು ಹಳೆಯ ಸೀರೆಯನ್ನು ಸಸಿಗೆ ಚಪ್ಪರದಂತೆ ಕಟ್ಟಿದೆ. ಭಾನುವಾರ ಬಂದ ಮಾಮಾ ಅದನ್ನು ಬಿಚ್ಚಿ ನನ್ನ ಕೈಗಿಟ್ಟರು. "ಎರಡನೇ ವಲಯದಾಗ ನೆರಳು ಬೇಕಿಲ್ಲ. ಮಾಸ್ತರಣಿ ಆಗಿ ನಿನಗ ವಿಜ್ಞಾನದ ಮ್ಯಾಲ ನಂಬಿಕಿ ಇಲ್ಲಲ್ಲ!"

ಆಗ ಹೇಳಬೇಕಿತ್ತು. ಒಂದೇ ಮಾತು. ನಾಲಿಗೆಯ ತುದಿಗೂ ಬಂದಿತ್ತು. ನಾಚಿಕೆಯಾಗಿ ನುಂಗಿಬಿಟ್ಟೆ, ಸೀರೆ ಮಡಚಿಟ್ಟೆ.

ಮೇ ಮುಗಿಯುವಷ್ಟರಲ್ಲಿ ಸಂಪಿಗೆ ಕಡ್ಡಿಯಾಯಿತು. ಮಾಮಾ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನನ್ನ ಅಂಕಿಗಳ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ, ಅದೇ ನನ್ನನ್ನು ಕೊಂದದ್ದು. ಮನೆಗೆ ಹೋಗಿ ಗೋಡೆಯ ಮೇಲಿದ್ದ ತಮ್ಮ ನಕ್ಷೆ ತೆಗೆದು ಅಟ್ಟಕ್ಕೆ ಹಾಕಿದರು. "ನಿಮ್ಮ ವಲಯ, ನಿಮ್ಮ ತಲಿ. ಹೋಗ್ಲಿ ಬಿಡ್ರಿ, ಸಂಪಿಗಿ ಮುಡಕೊಂಡೇ ಸಾಯ್ತೀನಂತ ಅಂದೀನೇನು ನಾ?" ಎಂದು ಮಾಮಿ ನಕ್ಕರು. ಮಾಮಾ ನಗಲಿಲ್ಲ. ಆಮೇಲೆ ಅವರು ಒಂದು ತುಳಸಿಯನ್ನೂ ನೆಡಲಿಲ್ಲ. ಬಂದವರು ಎಲ್ಲಿ ಬೇಕಾದರೂ ಕೂಡಬಹುದಾಯಿತು.

ಒಂಬತ್ತು ವರ್ಷ ಹೀಗೇ ಕಳೆದವು. ಮಾಮಿ ತೀರಿಕೊಂಡು ಎರಡು ವರ್ಷವಾಗಿತ್ತು. ಒಂದು ದಿನ ನಾನು ಮಾಮಾನ ಮನೆಯಲ್ಲಿದ್ದಾಗ ಪಕ್ಕದ ಮನೆಯವರು ಬಂದು, ಪೇರಲ ಸಸಿ ಯಾವಾಗ ನೆಡಬೇಕೆಂದು ಕೇಳಿದರು. "ನನ್ನ ಕೇಳಬ್ಯಾಡ್ರೀ, ನನಗ ಗಿಡದ್ದು ಏನೂ ತಿಳಿಯೂದಿಲ್ಲ," ಎಂದರು ಮಾಮಾ. ನನಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯವರು ಹೋದ ಮೇಲೆ ಮಾಮಾಗೆ ಎಲ್ಲ ಹೇಳಿಬಿಟ್ಟೆ. ಫ್ಯಾನು, ನಿದ್ದೆ, ಮೂವತ್ತೆಂಟು, ಮೂವತ್ತೊಂಬತ್ತು, ಎಲ್ಲ.

ಬೈಯಲಿ ಎಂದು ತಲೆ ತಗ್ಗಿಸಿ ಕೂತೆ.

"ಅಂದ್ರ, ನನ್ನ ನಕ್ಷಿ ತಪ್ಪಿರಲಿಲ್ಲ?"

"ಇಲ್ಲ ಮಾಮಾ. ತಪ್ಪು ನಂದು."

"ಬರೋಬರಿ ಇತ್ತು ಅಂತೀ?"

"ಬರೋಬರಿ ಇತ್ತು."

ಮಾಮಾ ತೊಡೆ ತಟ್ಟಿಕೊಂಡು ಗಹಗಹಿಸಿ ನಕ್ಕರು. ಅಷ್ಟು ದೊಡ್ಡ ನಗು ಕೇಳಿ ಎಷ್ಟು ವರ್ಷವಾಗಿತ್ತು! ನಗು ನಿಂತ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು:

"ಮೂರು ವರ್ಷ ಮೊದಲ ಹೇಳಬಾರದಿತ್ತೇನ, ತಂಗಿ? ಒಂದೇ ಒಂದು ಸಲ ನಾ ನಿಮ್ಮ ಮಾಮಿ ಮುಂದ ಗೆದ್ದಿರ್ತಿದ್ದೆ."