ಬೀಗ ಹಾಕಲು ಒಂದು ಷರತ್ತು

ನಮ್ಮ ಭಾವನಿಗೆ ಮನೆಗೆ ಬೀಗ ಹಾಕಲು ಬರುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಪೀಣ್ಯದ ಗೋದಾಮೊಂದರಲ್ಲಿ ಡಬ್ಬ ಹೊರುವ ಯಂತ್ರಗಳಿಗೆ ಬುದ್ಧಿ ಕಲಿಸುವ ಮನುಷ್ಯ ಅವರು. ಈಗ ಏನಿದೆ, ಕೊನೆಗೆ ಏನಾಗಬೇಕು, ಯಾವ ಕೆಲಸಕ್ಕೆ ಮೊದಲು ಯಾವ ಷರತ್ತು ಪೂರೈಸಿರಬೇಕು, ಇಷ್ಟು ಹೇಳಿಕೊಟ್ಟರೆ ಮಧ್ಯದ ದಾರಿಯನ್ನು ಕಂಪ್ಯೂಟರೇ ಹುಡುಕಿಕೊಳ್ಳುತ್ತದಂತೆ. ಹುಡುಕಿಕೊಳ್ಳಲಿ, ಬೇಡ ಎಂದವರಾರು? ಈ ಪುಣ್ಯಾತ್ಮ ಮನೆಯನ್ನೂ ಹಾಗೇ ನಡೆಸುತ್ತಿದ್ದರು!

ಅಕ್ಕ ಕಾಫಿ ಕೇಳಿದರೆ ಸೋಫಾದಲ್ಲೇ ಕೂತು ಕೊನೆಯಿಂದ ಶುರು ಮಾಡುವರು. "ಲೋಟದಲ್ಲಿ ಕಾಫಿ ಇರ್ಬೇಕಂದ್ರೆ ಡಿಕಾಕ್ಷನ್ ಇರ್ಬೇಕು. ಡಿಕಾಕ್ಷನ್‌ಗೆ ಬಿಸಿನೀರು. ಬಿಸಿನೀರಿಗೆ ಗ್ಯಾಸು..." ಅಷ್ಟರಲ್ಲಿ ಅಕ್ಕನೇ ಎದ್ದು, ಕಾಫಿ ಮಾಡಿ ಅವರ ಕೈಗೂ ಒಂದು ಲೋಟ ಇಡುವಳು. "ನೋಡ್ದ್ಯಾ, ಗುರಿ ಮುಟ್ಟಿದ್ವಿ" ಎನ್ನುವರು.

ನನ್ನ ಮಗಳ ನಾಮಕರಣಕ್ಕೆ ದಾಸರಹಳ್ಳಿಯಿಂದ ನಾಗಸಂದ್ರಕ್ಕೆ ಬರಲೂ ಯೋಜನೆ ಹಾಕಿದ್ದರು. ಗ್ಯಾಸ್ ಆರಿಸುವುದು, ಕಿಟಕಿ ಮುಚ್ಚುವುದು, ಚಪ್ಪಲಿ ಮೆಟ್ಟುವುದು, ಬೀಗ ಹಾಕುವುದು. ಪುರೋಹಿತರಿಗಿಂತ ಮೊದಲೇ ಬಂದಿಳಿದರು. "ಅಕ್ಕ ಎಲ್ಲಿ ಭಾವ?" ಎಂದೆ. ಮುಖ ಬಿಳುಚಿಕೊಂಡಿತು. ಅಕ್ಕ ಒಳಗೆ ಸೀರೆ ಉಡುತ್ತಿದ್ದಳು, ಇವರು ಹೊರಗಿನಿಂದ ಬೀಗ ಜಡಿದು ಬಂದಿದ್ದರು!

"ಅವಳು ಹೊರಗಿರ್ಬೇಕು ಅನ್ನೋ ಷರತ್ತು ಹಾಕೋದೇ ಮರ್ತ್‌ಬಿಟ್ಟೆ ಕಣಮ್ಮ" ಎಂದರು.

ಅಂದಿನಿಂದ ಬೀಗ ಹಿಡಿದಾಗಲೆಲ್ಲ "ಬಂದ್ಯೇನೇ?" ಎಂದು ಅವರು ಕೇಳಬೇಕು, "ಬಂದೆ ಕಣ್ರೀ, ಹಾಕಿ" ಎಂದು ಅಕ್ಕ ಹೇಳಬೇಕು. ಪಕ್ಕದಲ್ಲೇ ನಿಂತಿದ್ದರೂ ಹೇಳಬೇಕು. ಹೇಳದೆ ತಮಾಷೆ ನೋಡುತ್ತಾ ನಿಂತರೆ ಮಹಾರಾಯರು ಬಾಗಿಲಲ್ಲೇ ಬೀಗ ಹಿಡಿದು ಕಾಯುತ್ತಿದ್ದರು.

ಈ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ಆಮೇಲೆ ಭಾವ ಮನೆ ಬಿಟ್ಟು ಕದಲಲಿಲ್ಲ. ಕೆಲಸಕ್ಕೂ ಹೋಗಲಿಲ್ಲ, ಊಟವೂ ನೆಟ್ಟಗಿಲ್ಲ. ಹೀಗೇ ಬಿಟ್ಟರೆ ಇವರೂ ನಮ್ಮ ಕೈಬಿಟ್ಟು ಹೋಗುತ್ತಾರೆಂದು ನನಗೆ ದಿಗಿಲಾಯಿತು. ಮೊನ್ನೆ ನಾನೇ ಹೋಗಿ, "ಸ್ವಲ್ಪ ದಿನ ನಮ್ಮನೇಲಿರಿ ಭಾವ" ಎಂದು ಹಟ ಹಿಡಿದು ಎಬ್ಬಿಸಿದೆ. ಎದ್ದರು. ಗ್ಯಾಸ್ ನೋಡಿದರು, ಕಿಟಕಿ ಮುಚ್ಚಿದರು, ಚಪ್ಪಲಿ ಮೆಟ್ಟಿದರು. ಬಾಗಿಲು ಎಳೆದುಕೊಂಡವರು ಬೀಗ ಹಿಡಿದು ಹಾಗೇ ನಿಂತುಬಿಟ್ಟರು.

"ಆಗ್ತಿಲ್ಲ ಕಣಮ್ಮ. ಅವಳು ಬಂದೆ ಅಂದಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅವರ ತೋಳು ಹಿಡಿದು, "ಬಂದಿದಾಳೆ ಭಾವ, ಹಾಕಿ" ಎಂದೆ.

ಅಕ್ಕನ ಬಾಯಿಂದಲೇ ಕೇಳದೆ ಬೀಗ ಹಾಕದ ಮನುಷ್ಯ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಬೀಗ ಹಾಕಿದರು. ಮೆಟ್ಟಿಲು ಇಳಿಯುವಾಗ ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟುಕೊಂಡೇ ಇಳಿದರು.